ತೊನ್ನಿಗೆ ವೈರಾಣು ಕಾರಣವೇ?

"ತೊನ್ನು ವೈರಸ್‌ನಿಂದ ಬರುವುದಂತೆ, ಹೌದಾ ಡಾಕ್ಟ್ರೆ?" ಇತ್ತೀಚಿನ ವರ್ಷಗಳಲ್ಲಿ ನಮ್ಮಂಥ ಸಾಮಾನ್ಯ ವೈದ್ಯರಿಗೆ ಎದುರಾಗುತ್ತಿರುವ ಪ್ರಶ್ನೆ ಇದು. ಕೋವಿಡ್ ಬಂದುಹೋದ ಮೇಲಂತೂ ವೈರಸ್ ಅಥವಾ ವೈರಾಣು ಎಂಬ ಪದ ಎಲ್ಲರಿಗೂ ಪರಿಚಿತ. ಜ್ವರ ಬಿಟ್ಟ ಕೆಲವು ವಾರಗಳಲ್ಲಿ ಬೆರಳ ತುದಿಯಲ್ಲೋ ತುಟಿಯ ಅಂಚಿನಲ್ಲೋ ಬಿಳಿ ಚುಕ್ಕೆಯೊಂದು ಕಾಣಿಸಿದರೆ ಎರಡಕ್ಕೂ ಸಂಬಂಧ ಕಲ್ಪಿಸುವುದು ಸಹಜವೇ. ಆದರೆ ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬರುತ್ತದೆ: "ಹಾಗಾದರೆ ಅವಳ ಬಟ್ಟೆ, ಬಟ್ಟಲು ಬೇರೆ ಇಡಬೇಕಾ?" ಅಪಾಯವಿರುವುದು ಈ ಎರಡನೆಯ ಪ್ರಶ್ನೆಯಲ್ಲಿ.

ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳಿತು. ತೊನ್ನು ಅಂಟುರೋಗವಲ್ಲ. ಮುಟ್ಟಿದರೆ, ಒಟ್ಟಿಗೆ ಕುಳಿತು ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಮದುವೆಯಾದರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ಬರುವುದಿಲ್ಲ. ವೈರಾಣುವಿಗೂ ತೊನ್ನಿಗೂ ಏನೋ ಸಂಬಂಧ ಇರಬಹುದೆಂದು ವಿಜ್ಞಾನಿಗಳು ಸಂಶಯಿಸುತ್ತಿರುವುದು ನಿಜ. ಆದರೆ ಆ ಸಂಬಂಧ ನೆಗಡಿ, ದಡಾರಗಳಲ್ಲಿ ಇರುವಂಥದ್ದಲ್ಲ. ಅದು ಎಂಥದ್ದು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಬಣ್ಣ ಹೋಗುವುದು ಹೇಗೆ?

ನಮ್ಮ ಚರ್ಮದ ಮೇಲ್ಪದರದ ತಳದಲ್ಲಿ ಮೆಲನೊಸೈಟ್ ಎಂಬ ಜೀವಕೋಶಗಳಿವೆ. ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚುವುದು ಇವುಗಳ ಕೆಲಸ. ಒಂದೊಂದು ಮೆಲನೊಸೈಟ್ ಸುಮಾರು 36 ನೆರೆಯ ಕೋಶಗಳಿಗೆ ಬಣ್ಣ ಒದಗಿಸುತ್ತದೆ. ಕಪ್ಪು ಮೈಬಣ್ಣದವರಲ್ಲೂ ಬಿಳಿ ಮೈಬಣ್ಣದವರಲ್ಲೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ತಯಾರಾಗುವ ಮೆಲನಿನ್ನಿನ ಪ್ರಮಾಣ, ಬಗೆಗಳಲ್ಲಿ ಮಾತ್ರ ವ್ಯತ್ಯಾಸ.

ತೊನ್ನಿನಲ್ಲಿ ಈ ಮೆಲನೊಸೈಟುಗಳೇ ನಾಶವಾಗುತ್ತವೆ. ಅವು ಇಲ್ಲವಾದ ಜಾಗ ಹಾಲಿನಂತೆ ಬೆಳ್ಳಗಾಗುತ್ತದೆ. ನೋವಿಲ್ಲ, ಸಾಮಾನ್ಯವಾಗಿ ತುರಿಕೆಯೂ ಇಲ್ಲ. ಜಗತ್ತಿನಲ್ಲಿ ನೂರಕ್ಕೆ 0.5ರಿಂದ 2 ಮಂದಿಗೆ ಈ ತೊಂದರೆ ಇದೆಯೆಂದು ಅಂದಾಜು. ಹೆಣ್ಣು ಗಂಡೆಂಬ ಭೇದವಿಲ್ಲ. ಸುಮಾರು ಅರ್ಧದಷ್ಟು ಮಂದಿಯಲ್ಲಿ 20 ವರ್ಷ ತುಂಬುವುದರೊಳಗೇ ಆರಂಭವಾಗುತ್ತದೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ದೇಹದ ಎರಡೂ ಬದಿಗಳಲ್ಲಿ, ಬಹುಮಟ್ಟಿಗೆ ಕನ್ನಡಿಯ ಪ್ರತಿಬಿಂಬದಂತೆ, ಬೆರಳು, ಮೊಣಕೈ, ಮೊಣಕಾಲು, ಕಣ್ಣು-ಬಾಯಿಗಳ ಸುತ್ತ ಕಾಣಿಸಿಕೊಳ್ಳುವಂಥದ್ದು. ಹೆಚ್ಚಿನವರಲ್ಲಿ ಕಾಣುವುದು ಇದೇ. ಎರಡನೆಯದು ದೇಹದ ಒಂದೇ ಬದಿಯಲ್ಲಿ ಪಟ್ಟಿಯಂತೆ ಬಂದು, ಒಂದೆರಡು ವರ್ಷ ಹರಡಿ, ಅಲ್ಲಿಗೇ ನಿಲ್ಲುವಂಥದ್ದು. ಇದು ಎಳೆಯ ವಯಸ್ಸಿನಲ್ಲಿ ಬರುವುದು ಹೆಚ್ಚು. ಮುಂದೆ ಹೇಳುವ ವಿಚಾರ ಮುಖ್ಯವಾಗಿ ಮೊದಲನೆಯ ಬಗೆಗೆ ಸಂಬಂಧಿಸಿದ್ದು.

ಎಲ್ಲ ಬಿಳಿ ಕಲೆಯೂ ತೊನ್ನಲ್ಲ

ಕಾರಣದ ಮಾತಿಗೆ ಮೊದಲು, ಕಂಡ ಕಲೆ ತೊನ್ನೇ ಹೌದೇ ಎಂಬುದು ಖಚಿತವಾಗಬೇಕು. ಕರಾವಳಿಯ ಸೆಕೆ, ಬೆವರುಗಳಿಂದ ಎದೆ, ಬೆನ್ನು, ಕುತ್ತಿಗೆಗಳಲ್ಲಿ ಕಾಣಿಸುವ ಚಿಬ್ಬು ಶಿಲೀಂಧ್ರದಿಂದ ಆಗುವಂಥದ್ದು. ಅದರ ಮೇಲೆ ತೆಳುವಾದ ಹೊಟ್ಟು ಇರುತ್ತದೆ, ಹಚ್ಚುವ ಔಷಧಿಯಿಂದ ವಾಸಿಯಾಗುತ್ತದೆ. ಶಾಲೆಗೆ ಹೋಗುವ ಮಕ್ಕಳ ಕೆನ್ನೆಯ ಮೇಲಿನ ಮಸುಕು ಬಿಳಿ ಕಲೆಗಳು ಒಣಚರ್ಮದ ಲಕ್ಷಣ. ಹುಳದ ಬಾಧೆಗಾಗಲಿ ತೊನ್ನಿಗಾಗಲಿ ಅದಕ್ಕೆ ಸಂಬಂಧವಿಲ್ಲ.

ಕುಷ್ಠದ ಕಲೆ ಪೂರ್ತಿ ಬೆಳ್ಳಗಿರುವುದಿಲ್ಲ. ತುಸು ಮಾಸಲಾಗಿ ಇಲ್ಲವೇ ಕೆಂಪಾಗಿದ್ದು, ಸಾಮಾನ್ಯವಾಗಿ ಅಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುತ್ತದೆ. ತೊನ್ನಿನ ಕಲೆಯಲ್ಲಿ ಸ್ಪರ್ಶ, ಬಿಸಿ, ತಂಪು ಎಲ್ಲವೂ ಮೊದಲಿನಂತೆಯೇ ತಿಳಿಯುತ್ತವೆ. ಮಂಗಳೂರಿಗೆ ಕುಷ್ಠ ಅಪರಿಚಿತವಲ್ಲ. ಫಾದರ್ ಅಗಸ್ಟಸ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಕುಷ್ಠರೋಗಿಗಳ ಆಶ್ರಯಧಾಮ ತೆರೆದದ್ದು 1890ರಲ್ಲಿ. ಕುಷ್ಠ ಬ್ಯಾಕ್ಟೀರಿಯಾದಿಂದ ಬರುವ ರೋಗ. ಇಂದು ಅದೂ ಪೂರ್ಣ ಗುಣವಾಗುತ್ತದೆ. ತೊನ್ನನ್ನು 'ಬಿಳಿ ಕುಷ್ಠ' ಎಂದು ಕರೆದ ಹಳೆಯ ರೂಢಿಯಿಂದಾಗಿ, ಸೋಂಕೇ ಅಲ್ಲದ ಒಂದು ತೊಂದರೆಗೆ ಸೋಂಕಿನ ಕಳಂಕ ಅಂಟಿಕೊಂಡಿದೆ. ಈಗ 'ವೈರಸ್' ಎಂಬ ಪದ ಆ ಕಳಂಕಕ್ಕೆ ಹೊಸ ಬಣ್ಣ ಬಳಿಯಬಾರದು.

ಕಾವಲುಗಾರರೇ ತಿರುಗಿ ಬಿದ್ದಾಗ

ಮೆಲನೊಸೈಟುಗಳನ್ನು ಕೊಲ್ಲುವವರು ಯಾರು? ಉತ್ತರ ಇಂದು ಬಹುಮಟ್ಟಿಗೆ ಸ್ಪಷ್ಟವಾಗಿದೆ: ನಮ್ಮದೇ ರೋಗನಿರೋಧಕ ವ್ಯವಸ್ಥೆ. ರಕ್ತದಲ್ಲಿರುವ ಬಿಳಿ ಕಣಗಳ ಪೈಕಿ ಟಿ ಕೋಶಗಳೆಂಬುವು ಒಂದು ಜಾತಿ. ವೈರಾಣು ಹೊಕ್ಕ ಕೋಶಗಳನ್ನು ಗುರುತಿಸಿ ಕೊಲ್ಲುವುದು ಅವುಗಳಲ್ಲಿ ಒಂದು ದಳದ ಕರ್ತವ್ಯ. ತೊನ್ನಿನಲ್ಲಿ ಇದೇ ದಳ ನಿರಪರಾಧಿ ಮೆಲನೊಸೈಟುಗಳ ಮೇಲೆ ಬೀಳುತ್ತದೆ. ಕಳ್ಳನನ್ನು ಹಿಡಿಯಲು ಬಂದ ಪೊಲೀಸರು ಮನೆಯವರನ್ನೇ ಎಳೆದೊಯ್ದ ಹಾಗೆ.

ಇದಕ್ಕೆ ಸಾಕ್ಷ್ಯಗಳು ಹಲವು. ಹರಡುತ್ತಿರುವ ಕಲೆಯ ಅಂಚಿನಿಂದ ತೆಗೆದ ಟಿ ಕೋಶಗಳನ್ನು ಅದೇ ರೋಗಿಯ ಬಣ್ಣವಿರುವ ಚರ್ಮದ ತುಣುಕಿನ ಜೊತೆ ಪ್ರಯೋಗಾಲಯದಲ್ಲಿ ಇರಿಸಿದಾಗ ಅವು ಅಲ್ಲಿನ ಮೆಲನೊಸೈಟುಗಳನ್ನು ಕೊಂದದ್ದನ್ನು 2009ರಲ್ಲಿ ಸಂಶೋಧಕರು ತೋರಿಸಿದರು. ತೊನ್ನಿದ್ದವರ ಅಸ್ಥಿಮಜ್ಜೆಯನ್ನು ಕಸಿ ಮಾಡಿಸಿಕೊಂಡವರಲ್ಲಿ ತೊನ್ನು ಕಾಣಿಸಿಕೊಂಡ ವರದಿಗಳಿವೆ. ಮಜ್ಜೆಯೆಂದರೆ ರೋಗನಿರೋಧಕ ಕೋಶಗಳ ತವರು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ ನಿರೋಧಕ ಶಕ್ತಿಯನ್ನು ಕೆರಳಿಸುವ ಔಷಧಿ ಕೊಟ್ಟಾಗ ಕೆಲವರ ಮೈಮೇಲೆ ಬಿಳಿ ಕಲೆಗಳು ಮೂಡುತ್ತವೆ. ಔಷಧಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅಲ್ಲಿ ಅದು ಒಳ್ಳೆಯ ಸೂಚನೆ! ತೊನ್ನಿರುವವರಲ್ಲಿ ಥೈರಾಯ್ಡ್ ಗ್ರಂಥಿಯ ಸ್ವಯಂನಿರೋಧಕ ರೋಗ ಇತರರಿಗಿಂತ ಹೆಚ್ಚಾಗಿ ಕಾಣುವುದೂ ಇದೇ ಕಥೆಯ ಇನ್ನೊಂದು ಭಾಗ.

ಈ ದಾಳಿಯನ್ನು ನಡೆಸುವ ಮುಖ್ಯ ರಾಸಾಯನಿಕ ಸಂದೇಶವೆಂದರೆ ಗಾಮಾ ಇಂಟರ್‌ಫೆರಾನ್. ಅದರ ಪ್ರಭಾವಕ್ಕೆ ಒಳಗಾದ ಚರ್ಮದ ಕೋಶಗಳು 'ಇತ್ತ ಬನ್ನಿ' ಎಂದು ಕರೆಯುವ ಬೇರೆ ರಾಸಾಯನಿಕಗಳನ್ನು ಹೊರಡಿಸುತ್ತವೆ. ಇನ್ನಷ್ಟು ಟಿ ಕೋಶಗಳು ಅಲ್ಲಿಗೆ ಧಾವಿಸುತ್ತವೆ, ಕಲೆ ಹಿಗ್ಗುತ್ತದೆ. ದಾಳಿ ಮುಗಿದರೂ ಕೆಲವು ಕೋಶಗಳು ಆ ಜಾಗದಲ್ಲೇ ಠಾಣೆ ಹೂಡಿರುತ್ತವೆ. ವಾಸಿಯಾದ ಕಲೆ ಚಿಕಿತ್ಸೆ ನಿಂತ ಮೇಲೆ ಅದೇ ಸ್ಥಳದಲ್ಲಿ ಮರುಕಳಿಸುವುದಕ್ಕೆ ಇದು ಕಾರಣ.

ಕೋಳಿಗಳು ಹೇಳಿದ ಕಥೆ

ಸರಿ, ಈ ದಳವನ್ನು ಮೊದಲು ತಪ್ಪು ದಾರಿಗೆ ಎಳೆದವರು ಯಾರು? ವೈರಾಣುವಿನ ಮೇಲೆ ಸಂಶಯ ಬರುವುದು ಇಲ್ಲಿ. ಆ ಸಂಶಯಕ್ಕೆ ಬಲವಾದ ಆಧಾರ ದೊರೆತದ್ದು ಮನುಷ್ಯರಲ್ಲಿ ಅಲ್ಲ, ಕೋಳಿಗಳಲ್ಲಿ.

ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಸ್ಮಿತ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಒಂದು ಕೋಳಿ ತಳಿಯನ್ನು ಬೆಳೆಸಿದರು. ಈ ತಳಿಯ ಮರಿಗಳು ಬಣ್ಣದ ಪುಕ್ಕದೊಡನೆ ಹುಟ್ಟಿ, ಬೆಳೆಯುವ ಹಂತದಲ್ಲಿ ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತವೆ. ಮನುಷ್ಯರ ತೊನ್ನಿಗೂ ಇದಕ್ಕೂ ಬಹಳ ಹೋಲಿಕೆ. ಕೋಳಿಮರಿಗಳಿಗೆ ಮಾರೆಕ್ಸ್ ಎಂಬ ರೋಗ ಬಾರದಂತೆ ಹ್ಯಾಚರಿಯಲ್ಲೇ ಒಂದು ಲಸಿಕೆ ಚುಚ್ಚುವ ಪದ್ಧತಿ ಇದೆ. ಅದರಲ್ಲಿರುವುದು ಟರ್ಕಿ ಕೋಳಿಯ ಹರ್ಪಿಸ್ ಜಾತಿಯ, ಕೋಳಿಗೆ ಹಾನಿ ಮಾಡದ ಜೀವಂತ ವೈರಾಣು. ಅರ್ಕನ್ಸಾಸ್ ವಿಶ್ವವಿದ್ಯಾಲಯದ ಗಿಸೆಲಾ ಅರ್ಫ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ಮಿತ್ ತಳಿಯ ಮರಿಗಳಿಗೆ ಈ ವೈರಾಣು ಕೊಟ್ಟಾಗ ಬಹುಪಾಲು ಮರಿಗಳು ಬೆಳ್ಳಗಾದವು. ಕೊಡದಿದ್ದಾಗ ಬೆಳ್ಳಗಾದವುಗಳ ಸಂಖ್ಯೆ ಬಹಳ ಕಡಿಮೆಯಾಯಿತು.

ಆದರೆ ಕಥೆಯ ಉಳಿದರ್ಧವನ್ನು ಮರೆಯಬಾರದು. ಲಸಿಕೆ ಹಾಕಿಸಿಕೊಂಡ ಬೇರೆ ತಳಿಯ ಕೋಳಿಗಳು ಹೀಗೆ ಬಣ್ಣ ಕಳೆದುಕೊಳ್ಳುವುದಿಲ್ಲ. ಪುಕ್ಕದ ಬುಡವನ್ನು ಸೇರುವ ಆ ವೈರಾಣು, ಹುಟ್ಟಿನಿಂದಲೇ ಒಲವಿದ್ದ ತಳಿಯಲ್ಲಿ ಮಾತ್ರ ರೋಗವನ್ನು ಕೆರಳಿಸಿತು. ಬೈಹುಲ್ಲಿನ ರಾಶಿ ಒಣಗಿದ್ದರೆ ಮಾತ್ರ ಕಿಡಿ ತಾಗಿದಾಗ ಹೊತ್ತಿಕೊಳ್ಳುತ್ತದೆ. ಒದ್ದೆ ಹುಲ್ಲಿನ ಮೇಲೆ ಬಿದ್ದ ಕಿಡಿ ಅಲ್ಲೇ ನಂದುತ್ತದೆ. ಕೋಳಿಗಳ ಪಾಠವೂ ಇಷ್ಟೇ: ವೈರಾಣು ಕಿಡಿ ಆಗಬಹುದು, ಉರಿಯುವ ಹುಲ್ಲು ಮಾತ್ರ ಅನುವಂಶೀಯ ಒಲವು ಮತ್ತು ನಿರೋಧಕ ವ್ಯವಸ್ಥೆಗೆ ಸೇರಿದ್ದು. ಈ ಲಸಿಕೆಯಿಂದಾಗಲಿ ಕೋಳಿಮಾಂಸದಿಂದಾಗಲಿ ಮನುಷ್ಯರಿಗೆ ತೊನ್ನು ಬರುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಮನುಷ್ಯರಲ್ಲಿ ಸಾಕ್ಷ್ಯ ಎಷ್ಟಿದೆ?

1996ರಲ್ಲಿ ಅಮೆರಿಕದ ಸಂಶೋಧಕರು ತೊನ್ನಿದ್ದ ಕೆಲವರ ಚರ್ಮದಲ್ಲಿ ಸೈಟೊಮೆಗಾಲೊ ಎಂಬ ವೈರಾಣುವಿನ ಡಿಎನ್‌ಎ ಇದ್ದುದನ್ನು ವರದಿ ಮಾಡಿದರು. ಎಚ್‌ಐವಿ, ಹೆಪಟೈಟಿಸ್ ಸಿ ಸೋಂಕಿದ್ದ ಕೆಲವರಲ್ಲಿ ತೊನ್ನು ಕಂಡ ವರದಿಗಳೂ ಇವೆ. ಕೋವಿಡ್ ಸೋಂಕಿನ ಅಥವಾ ಲಸಿಕೆಯ ನಂತರ ಕಲೆ ಕಂಡವರ ಬಿಡಿ ವರದಿಗಳು 2020ರ ನಂತರ ಬಂದಿವೆ. ಇವಿಷ್ಟರಿಂದ ವೈರಾಣುವೇ ಕಾರಣವೆಂದು ತೀರ್ಮಾನಿಸಲಾಗದು. ಸೈಟೊಮೆಗಾಲೊ ವೈರಾಣುವನ್ನೇ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ವಯಸ್ಕರಾದ ಬಹುತೇಕ ಎಲ್ಲರಿಗೂ ಬಾಲ್ಯದಲ್ಲೇ ಅದು ತಗಲಿ, ಜೀವನಪೂರ್ತಿ ಸುಪ್ತವಾಗಿ ಉಳಿದಿರುತ್ತದೆ. ಎಲ್ಲರಲ್ಲೂ ಇರುವ ವೈರಾಣು ತೊನ್ನಿದ್ದವರಲ್ಲೂ ಇದೆಯೆಂದರೆ ಅದು ಅಪರಾಧದ ಪುರಾವೆಯಾಗದು.

ಇವಕ್ಕಿಂತ ಹೆಚ್ಚು ತೂಕವುಳ್ಳ ಸುಳಿವುಗಳು ಬೇರೆ ಇವೆ. ಕೋಶದೊಳಗೆ ವೈರಾಣು ನುಗ್ಗಿದರೆ ಗಂಟೆ ಬಾರಿಸುವ ಎಂಡಿಎ5 ಎಂಬ ಪ್ರೋಟೀನ್ ಇದೆ. ಇದನ್ನು ತಯಾರಿಸುವ ಜೀನ್‌ನಲ್ಲಿನ ವ್ಯತ್ಯಾಸಗಳಿಗೂ ತೊನ್ನಿನ ಸಾಧ್ಯತೆಗೂ ನಂಟಿದೆ. ಹೆಪಟೈಟಿಸ್ ಸಿ ರೋಗಕ್ಕೆ ಹಿಂದೆ ಚುಚ್ಚುಮದ್ದಾಗಿ ಕೊಡುತ್ತಿದ್ದ ಇಂಟರ್‌ಫೆರಾನ್, ವೈರಾಣು ಬಂದಾಗ ದೇಹವೇ ತಯಾರಿಸುವ ಪದಾರ್ಥ. ಈ ಚಿಕಿತ್ಸೆಯ ವೇಳೆ ಕೆಲವರಲ್ಲಿ ತೊನ್ನು ಕಾಣಿಸಿಕೊಂಡಿತು. ನರುಳೆಗಳಿಗೆ ಹಚ್ಚುವ ಇಮಿಕ್ವಿಮೋಡ್ ಎಂಬ ಮುಲಾಮು ಚರ್ಮಕ್ಕೆ 'ವೈರಾಣು ಬಂದಿದೆ' ಎಂಬ ಸುಳ್ಳು ಸಂದೇಶ ಕೊಟ್ಟು ನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ. ಅದನ್ನು ಹಚ್ಚಿದ ಜಾಗದಲ್ಲೂ ಬಿಳಿ ಕಲೆ ಆದ ಉದಾಹರಣೆಗಳಿವೆ. ಗಮನಿಸಿ, ಇಲ್ಲಿ ಮುಲಾಮಿನಲ್ಲಿ ವೈರಾಣುವೇ ಇಲ್ಲ, ಗಂಟೆ ಮಾತ್ರ ಬಾರಿಸಿದೆ. ಒಲವಿರುವವರಲ್ಲಿ ಆ ಗದ್ದಲವೇ ಸಾಕೆಂದು ತೋರುತ್ತದೆ.

ಗಂಟೆ ಬಾರಿಸುವುದು ವೈರಾಣು ಮಾತ್ರವಲ್ಲ. ಗಾಯ, ಸುಟ್ಟ ಕಲೆ, ಪದೇ ಪದೇ ಆಗುವ ಉಜ್ಜುವಿಕೆ ಇವೂ ಅದೇ ಕೆಲಸ ಮಾಡಬಲ್ಲವು. ಸ್ಟಿಕ್ಕರ್ ಬಿಂದಿಯ ಅಂಟು, ರಬ್ಬರ್ ಚಪ್ಪಲಿ, ಕೂದಲಿನ ಬಣ್ಣಗಳಲ್ಲಿನ ಕೆಲವು ರಾಸಾಯನಿಕಗಳು ಮೆಲನೊಸೈಟುಗಳಿಗೆ ನೇರವಾಗಿ ವಿಷ. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ತೊನ್ನಿದ್ದರೆ ಇನ್ನೊಬ್ಬರಿಗೂ ಇರುವುದು ನೂರರಲ್ಲಿ ಸುಮಾರು 23 ಜೋಡಿಗಳಲ್ಲಿ ಮಾತ್ರ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಜೀನ್‌ಗಳಷ್ಟೇ ಸಾಲವು, ಹೊರಗಿನ ಪ್ರಚೋದನೆಯೂ ಬೇಕು ಎಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ಬೇಡ.

ಜ್ವರವೇ ತೊನ್ನು ತರುವುದಾಗಿದ್ದರೆ?

2006ರಲ್ಲಿ ಕರ್ನಾಟಕದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಚಿಕುನ್‌ಗುನ್ಯಾ ಪ್ರಕರಣಗಳು ದಾಖಲಾದವು. 2008ರಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿಗಳು ಅದೇ ಜ್ವರದಿಂದ ತತ್ತರಿಸಿದವು. 2019ರ ಮಳೆಗಾಲದಲ್ಲಿ ಮಂಗಳೂರು ನಗರಕ್ಕೆ ಡೆಂಗೆಯ ಸರದಿ. ಈ ಜ್ವರಗಳ ಹಿಂದೆಯೇ ತೊನ್ನಿನ ಅಲೆಯೇನೂ ಬರಲಿಲ್ಲ. ಚಿಕುನ್‌ಗುನ್ಯಾ ಬಂದವರಲ್ಲಿ ಹಲವರಿಗೆ ಮೂಗಿನ ಮೇಲೆ ಕಲೆಯಾದದ್ದು ನೆನಪಿರಬಹುದು. ಅದು ಕಪ್ಪು ಕಲೆ, ಬಿಳಿಯದಲ್ಲ.

ಮಳೆಗಾಲದಲ್ಲಿ ಒಮ್ಮೆಯಾದರೂ ಜ್ವರ ಬಾರದ ಮನೆ ನಮ್ಮೂರಲ್ಲಿ ಅಪರೂಪ. ಆದ್ದರಿಂದ ಯಾವುದೇ ಕಲೆಯ ಹಿಂದೆ ಹುಡುಕಿದರೆ ಒಂದು ಜ್ವರ ಸಿಕ್ಕೇ ಸಿಗುತ್ತದೆ. ಕಾಲದಲ್ಲಿ ಮುಂದೆ ಬಂದದ್ದೆಲ್ಲ ಕಾರಣವಾಗುವುದಿಲ್ಲ. ಕಿಡಿಯಾಗಿ ಪಾತ್ರ ವಹಿಸಿದ ವೈರಾಣುವೂ ಕಲೆ ಕಾಣುವ ಹೊತ್ತಿಗೆ ಹೋಗಿಯೇ ಬಿಟ್ಟಿರಬಹುದು. ಹಾಗಾಗಿ ತೊನ್ನಿಗೆ ವೈರಾಣುನಾಶಕ ಮಾತ್ರೆಗಳಿಂದ ಪ್ರಯೋಜನವಿಲ್ಲ. ಕಲೆಯಿರುವ ಚರ್ಮದಲ್ಲಿ ಇತರರಿಗೆ ದಾಟಬಲ್ಲಂಥದ್ದು ಏನೂ ಇಲ್ಲ.

ಹಾಗೆಯೇ, ಮಗುವಿನ ಅಣ್ಣನಿಗೋ ಅಜ್ಜಿಗೋ ತೊನ್ನಿದೆಯೆಂದು ಲಸಿಕೆಗಳನ್ನು ತಪ್ಪಿಸಬೇಡಿ. ದಡಾರ, ಪೋಲಿಯೋಗಳು ತರುವ ಹಾನಿಯ ಮುಂದೆ ಈ ಅಂಜಿಕೆಗೆ ಬೆಲೆಯಿಲ್ಲ. ರೋಗಿಯು ನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಿದ್ದರೆ ಮಾತ್ರ ಲಸಿಕೆಗೆ ಮೊದಲು ವೈದ್ಯರಿಗೆ ತಿಳಿಸಬೇಕು.

ಚಿಕಿತ್ಸೆ: ಬೇಗ ಬಂದಷ್ಟೂ ಲಾಭ

ದಾಳಿ ನಡೆಸುವುದು ನಿರೋಧಕ ಕೋಶಗಳು ಎಂದು ಗೊತ್ತಾದ ಮೇಲೆ ಚಿಕಿತ್ಸೆಯ ದಾರಿಯೂ ಸ್ಪಷ್ಟ. ಮೊದಲು ದಾಳಿಯನ್ನು ನಿಲ್ಲಿಸಬೇಕು, ಆಮೇಲೆ ಬಣ್ಣವನ್ನು ಮರಳಿಸಬೇಕು. ಕೂದಲ ಬುಡದಲ್ಲಿ ಮೆಲನೊಸೈಟುಗಳ ಮೂಲಕೋಶಗಳು ಉಳಿದಿರುತ್ತವೆ. ಬಣ್ಣ ಮರಳುವಾಗ ಅಲ್ಲಿಂದಲೇ ಚುಕ್ಕೆ ಚುಕ್ಕೆಯಾಗಿ ಹರಡುತ್ತದೆ. ಆದ್ದರಿಂದ ಮುಖ, ಕುತ್ತಿಗೆಗಳ ಕಲೆ ಬೇಗ ಒಪ್ಪುತ್ತದೆ. ಕೂದಲಿಲ್ಲದ ಬೆರಳ ತುದಿ, ತುಟಿಗಳು ಹಟ ಮಾಡುತ್ತವೆ. ಕಲೆಯ ಮೇಲಿನ ಕೂದಲೂ ಬೆಳ್ಳಗಾದರೆ ಔಷಧಿಯ ಕೆಲಸ ಕಷ್ಟ.

ಹೊಸ ಕಲೆಗಳು ಮೂಡುತ್ತಿದ್ದರೆ, ತರಚಿದ ಗೆರೆಯುದ್ದಕ್ಕೂ ಬಿಳುಪಾಗುತ್ತಿದ್ದರೆ, ಸಾಸಿವೆ ಚೆಲ್ಲಿದಂತೆ ಸಣ್ಣ ಚುಕ್ಕೆಗಳು ಕಂಡರೆ ರೋಗ ಹರಡುತ್ತಿದೆ ಎಂದರ್ಥ. ತಿಂಗಳುಗಟ್ಟಲೆ ಕಾಯದೆ ಚರ್ಮರೋಗ ತಜ್ಞರನ್ನು ಕಾಣಿರಿ. ವೇಗವಾಗಿ ಹರಡುವ ತೊನ್ನಿಗೆ ವಾರಕ್ಕೆ ಎರಡು ದಿನ ಮಾತ್ರ ಸ್ಟಿರಾಯ್ಡ್ ಮಾತ್ರೆ ಕೊಡುವ ವಿಧಾನವನ್ನು ದೆಹಲಿಯ ಏಮ್ಸ್‌ನ ಪಸ್ರೀಚಾ ಮತ್ತು ಖೈತಾನ್ 1993ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಸ್ಟಿರಾಯ್ಡ್ ಮುಲಾಮು, ಟ್ಯಾಕ್ರೊಲಿಮಸ್ ಮುಲಾಮು, 311 ನ್ಯಾನೊಮೀಟರಿನ ನೇರಳಾತೀತ ಬೆಳಕಿನ ಚಿಕಿತ್ಸೆ ಇವೆಲ್ಲ ಉಪಯುಕ್ತ. ಬೆಳಕಿನ ಚಿಕಿತ್ಸೆಯನ್ನು ವಾರಕ್ಕೆ ಎರಡು ಮೂರು ಬಾರಿಯಂತೆ ಹಲವು ತಿಂಗಳು ಪಡೆಯಬೇಕು. ನಡುವೆ ಬಿಟ್ಟರೆ ಫಲವಿಲ್ಲ.

ಗಾಮಾ ಇಂಟರ್‌ಫೆರಾನಿನ ಸಂದೇಶವನ್ನು ಕೋಶದೊಳಗೆ ತಡೆಯುವ ರುಕ್ಸೊಲಿಟಿನಿಬ್ ಮುಲಾಮಿಗೆ 2022ರ ಜುಲೈಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಪರೀಕ್ಷೆಗಳಲ್ಲಿ 24 ವಾರಗಳ ಬಳಕೆಯ ನಂತರ ನೂರರಲ್ಲಿ ಸುಮಾರು 30 ಮಂದಿಗೆ ಮುಖದ ಕಲೆಗಳಲ್ಲಿ ಮುಕ್ಕಾಲು ಪಾಲಿನಷ್ಟು ಸುಧಾರಣೆ ಕಂಡುಬಂತು. ಪವಾಡವಲ್ಲ, ಆದರೆ ರೋಗದ ಮೂಲವನ್ನು ಅರಿತು ತಯಾರಿಸಿದ ಔಷಧಿ. ಒಂದು ವರ್ಷವಾದರೂ ಹರಡದೆ ನಿಂತ ಕಲೆಗೆ ಚರ್ಮದ ಅಥವಾ ಕೋಶಗಳ ಕಸಿಯೂ ಸಾಧ್ಯ. ಜೊತೆಗೆ ಒಮ್ಮೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು.

ಅಂಗಡಿಯಿಂದ ತಾವೇ ಕೊಂಡ ಸ್ಟಿರಾಯ್ಡ್ ಮುಲಾಮನ್ನು ವರ್ಷಗಟ್ಟಲೆ ಹಚ್ಚಿ ಚರ್ಮವನ್ನು ತೆಳುವಾಗಿಸಿಕೊಂಡವರಿದ್ದಾರೆ. ಬಾವಂಚಿ ಬೀಜದಲ್ಲಿ ಸೊರಾಲೆನ್ ಎಂಬ ನಿಜವಾದ ಔಷಧೀಯ ಅಂಶವಿದೆ. ಆದರೆ ಅದನ್ನು ಅರೆದು ಹಚ್ಚಿ ಬಿಸಿಲಿಗೆ ನಿಂತರೆ ಬೊಕ್ಕೆ ಏಳುತ್ತದೆ, ಆ ಗಾಯವೇ ಹೊಸ ಕಲೆಗೆ ದಾರಿಯಾಗಬಹುದು.

ಪಥ್ಯ, ದೋಷ, ಮದುವೆ

ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದಕ್ಕೆ ಆಧಾರವಿಲ್ಲ. ಮೀನು, ಹಾಲು, ಮಜ್ಜಿಗೆ, ಹುಳಿ ಯಾವುದನ್ನೂ ಬಿಡಬೇಕಿಲ್ಲ. ಬೆಳೆಯುವ ಮಕ್ಕಳಿಗೆ ಇವನ್ನು ತಪ್ಪಿಸಿದರೆ ಪೌಷ್ಟಿಕತೆಗೆ ನಷ್ಟ. ನಾಗದೋಷದ ಭಯದಿಂದ ಕುಕ್ಕೆಗೆ ಹರಕೆ ಹೊರುವವರಿಗೆ ನನ್ನ ವಿನಂತಿ ಇಷ್ಟೇ: ಹರಕೆ ನಿಮ್ಮ ಶ್ರದ್ಧೆಗೆ ಬಿಟ್ಟದ್ದು, ಆದರೆ ಆ ಕಾರಣಕ್ಕೆ ಚಿಕಿತ್ಸೆಯನ್ನು ಮುಂದೂಡಬೇಡಿ. ಮೊದಲ ತಿಂಗಳುಗಳು ಬೆಲೆಬಾಳುವಂಥವು.

ಅತಿ ಹೆಚ್ಚು ನೋವು ಕೊಡುವುದು ಮದುವೆಯ ಪ್ರಶ್ನೆ. ಮೇಲೆ ಹೇಳಿದ ಅಧ್ಯಯನದಲ್ಲೇ, ತೊನ್ನಿದ್ದವರ ಒಡಹುಟ್ಟಿದವರಲ್ಲಿ ತೊನ್ನಿದ್ದದ್ದು ನೂರರಲ್ಲಿ ಸುಮಾರು ಆರು ಮಂದಿಗೆ. ಅಂದರೆ ಉಳಿದ 94 ಮಂದಿಗೆ ಇರಲಿಲ್ಲ. ಅಕ್ಕನಿಗೆ ಕಲೆಯಿದೆಯೆಂದು ತಂಗಿಯ ಸಂಬಂಧ ಮುರಿಯುವವರು ಈ ಲೆಕ್ಕವನ್ನು ನೋಡಬೇಕು. ಪಾಪ್ ಗಾಯಕ ಮೈಕೆಲ್ ಜಾಕ್ಸನ್ ತನಗೆ ತೊನ್ನಿರುವುದನ್ನು ಟಿವಿ ಸಂದರ್ಶನದಲ್ಲಿ ಜಗತ್ತಿಗೆ ಹೇಳಿದ್ದು 1993ರಲ್ಲಿ. ಅವರು ತೀರಿಕೊಂಡ ಜೂನ್ 25ನ್ನು ಈಗ ವಿಶ್ವ ತೊನ್ನು ದಿನವೆಂದು ಆಚರಿಸುತ್ತಾರೆ. ಆಚರಣೆಗಿಂತ ನಮ್ಮ ಮನೆಯೊಳಗೆ ಆಗಬೇಕಾದ ಕೆಲಸ ದೊಡ್ಡದು. ಕಲೆ ಕಂಡ ಹುಡುಗಿ ಉದ್ದ ತೋಳಿನ ರವಿಕೆಯೊಳಗೆ ಅಡಗಿಕೊಳ್ಳುವಂತೆ ಮಾಡಿದ್ದು ಕಲೆಯಲ್ಲ, ನೋಡುವವರ ಕಣ್ಣು.

ವೈರಾಣುವಿನ ಪಾತ್ರವೇನೆಂಬುದನ್ನು ವಿಜ್ಞಾನಿಗಳು ಮುಂದೆಯೂ ಹುಡುಕುತ್ತಾರೆ, ಹುಡುಕಲಿ. ಮನೆಯವರು ಅದಕ್ಕಾಗಿ ಕಾಯಬೇಕಿಲ್ಲ. ಬಿಳಿ ಕಲೆಯಿರುವ ಕೈ ಬಡಿಸಿದ ಗಂಜಿ ಉಂಡು ಯಾರಿಗೂ ತೊನ್ನು ಬಂದದ್ದಿಲ್ಲ, ಬರುವುದೂ ಇಲ್ಲ.